ಸೊನ್ನೆ ಮಾಡಿಟ್ಟ ನ್ಯೂಸ್‌ಗ್ರೂಪು

ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗುವಾಗ ನನ್ನ ಮೊಬೈಲಿನಲ್ಲಿ ನೂರ ಹದಿನಾಲ್ಕು ಎಂಬ ಅಂಕಿ ಕೆಂಪು ಬೊಟ್ಟಿನೊಳಗೆ ಕುಳಿತಿತ್ತು. ತಲೆ ಒರೆಸಿಕೊಂಡು ಈಚೆ ಬರುವಷ್ಟರಲ್ಲಿ ಬೊಟ್ಟೂ ಇಲ್ಲ, ಅಂಕಿಯೂ ಇಲ್ಲ. ಸೋಫಾದ ಮೇಲೆ ಕಾಲು ಮಡಚಿ ಕುಳಿತಿದ್ದ ಮಗಳು, ದೊಡ್ಡ ಉಪಕಾರ ಮಾಡಿದವಳಂತೆ, ಎಲ್ಲವನ್ನೂ ಓದಿದ್ದಾಯಿತು ಅಂತ ಗುರುತು ಹಾಕಿಬಿಟ್ಟೆ, ಅದನ್ನು ನೋಡಿದರೇ ಹಿಂಸೆಯಾಗುತ್ತಿತ್ತು ಎಂದಳು. ನಾನು ಕೂಗಾಡಿದೆ. ಮಹಡಿ ಮೇಲಿನವರು ಬಾಗಿಲು ತೆಗೆದು ನೋಡುವಷ್ಟು ಕೂಗಾಡಿದೆ. ಅವಳಿಗೆ ಈಗ ಹತ್ತೊಂಬತ್ತು, ನನ್ನ ಕೂಗಾಟಕ್ಕೆ ಹೆದರುವ ವಯಸ್ಸು ದಾಟಿ ಬಹಳ ಕಾಲವಾಯಿತು.

"ಯಾವ್ದೂ ಹೋಗಿಲ್ಲಪ್ಪ, ಎಲ್ಲಾ ಅಲ್ಲೇ ಇದೆ," ಎಂದು ಫೋನನ್ನು ನನ್ನ ಕೈಗಿಟ್ಟು ಹಲ್ಲುಜ್ಜಲು ಹೋದಳು.

ಆ ಮಾತಿಗೆ ನನಗೆ ಇನ್ನೂ ಸಿಟ್ಟು ಬಂತು. ಯಾಕೆಂದು ಹೇಳಲು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು. ಹೋಗುವುದಕ್ಕೆ ಮೊದಲು ಈ ನೂರ ಹದಿನಾಲ್ಕರ ಮೇಲಿನ ಸಿಟ್ಟನ್ನಿಷ್ಟು ಕಾರಿಕೊಂಡುಬಿಡುತ್ತೇನೆ, ತಾಳಿ. ನನ್ನ ಫೋನಿನಲ್ಲಿ ಹದಿನೇಳು ಗುಂಪುಗಳಿವೆ. ಒಂದಕ್ಕೂ ನಾನಾಗಿ ಸೇರಿದವನಲ್ಲ. ಅಪಾರ್ಟ್‌ಮೆಂಟಿನವರದೊಂದು, ಅದೇ ಅಪಾರ್ಟ್‌ಮೆಂಟಿನಲ್ಲಿ ಮುನಿಸಿಕೊಂಡವರದಿನ್ನೊಂದು, ಹತ್ತನೇ ಕ್ಲಾಸಿನಲ್ಲಿ ನನ್ನ ಜಾಮಿಟ್ರಿ ಡಬ್ಬ ಕದ್ದವರದೊಂದು. ಹೆಂಡತಿಯ ಅಣ್ಣ ಗೃಹಪ್ರವೇಶಕ್ಕೆಂದು ಮಾಡಿದ ಗುಂಪು ಇನ್ನೂ ಇದೆ. ಗೃಹಪ್ರವೇಶವಾಗಿ ಎರಡು ವರ್ಷವಾಯಿತು, ಆ ಮನೆ ಬಾಡಿಗೆಗೂ ಹೋಯಿತು, ಗುಂಪಿನಲ್ಲಿ ಮಾತ್ರ ದಿನಾ ಬೆಳಿಗ್ಗೆ ಗುಲಾಬಿ ಹೂವು ಅರಳುತ್ತಿದೆ. ಬಿಟ್ಟು ಹೊರಟರೆ "ಇಂಥವರು ಬಿಟ್ಟು ಹೋದರು" ಎಂದು ಎಲ್ಲರಿಗೂ ಡಂಗುರ ಸಾರುತ್ತದೆ. ಕೇಳದೆ ಒಳಗೆ ತಳ್ಳಿ, ಹೊರಗೆ ಹೋಗುವಾಗ ಮಾನ ಕಳೆಯುವ ಇಂಥ ವ್ಯವಸ್ಥೆಯನ್ನು ಕಂಡುಹಿಡಿದವನು ಸಿಕ್ಕರೆ ನಾನು ಕುಳಿತು ಮಾತಾಡಬೇಕು.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಹೀಗೆ ಹೇಳಿದ ತಕ್ಷಣ ನೀವು ಪುಟ ಮಗುಚುತ್ತೀರಿ ಎಂದು ಗೊತ್ತು. ಆದರೂ ಹೇಳುತ್ತೇನೆ. ನ್ಯೂಸ್‌ಗ್ರೂಪು ಅಂತ ಒಂದಿತ್ತು. ಜಗತ್ತಿನಲ್ಲಿ ಯಾರು ಬೇಕಾದರೂ ಚೀಟಿ ಅಂಟಿಸಬಹುದಾದ ಗೋಡೆ ಎಂದುಕೊಳ್ಳಿ. ಒಂದೊಂದು ವಿಷಯಕ್ಕೆ ಒಂದೊಂದು ಗೋಡೆ, ಅಂಥವು ಸಾವಿರಾರು. ನಿಮಗೆ ಬೇಕಾದ ಗೋಡೆಗೆ ನೀವೇ ಚಂದಾದಾರರಾಗಬೇಕು, ಬೇಡವೆಂದರೆ ಸದ್ದಿಲ್ಲದೆ ಬಿಡಬಹುದು. ಅದನ್ನು ಓದಲು ನಾನು ಬಳಸುತ್ತಿದ್ದ ಪ್ರೋಗ್ರಾಮಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಮುಟ್ಟುವಂತಿಲ್ಲ. ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಪ್ರತಿ ಕೆಲಸಕ್ಕೂ ಒಂದು ಕೀಲಿ.

ಆಗ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಮೂವತ್ತು ಜನರ ಕಾರ್ಖಾನೆಗೆ ಮಾಲೀಕರು ತಮ್ಮನ್ನು ಎಂ.ಡಿ. ಎಂದು ಕರೆಸಿಕೊಳ್ಳುತ್ತಿದ್ದರು. ಅವರು ಎಲ್ಲೋ ವಿದೇಶದಲ್ಲಿ ಮುಚ್ಚಿಹೋದ ಕಾರ್ಖಾನೆಯಿಂದ ಒಂದು ಹಳೆಯ ಸಿಎನ್‌ಸಿ ಲೇತನ್ನು ತರಿಸಿದ್ದರು. ಅಂಕಿ ಕೊಟ್ಟರೆ ಅದರಂತೆ ತಾನೇ ಲೋಹ ಕಡೆಯುವ ಮಷೀನು. ಮಷೀನು ಬಂತು, ಅದರ ಮ್ಯಾನ್ಯುಯಲ್ ಬರಲಿಲ್ಲ. ಕೇಳಿದರೆ, ನೀವು ಎಂಜಿನಿಯರ್ ತಾನೇ ಎಂದರು. ಈ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಮ್ಯಾನ್ಯುಯಲ್ ಇಲ್ಲದ ಮಷೀನುಗಳ ಬಗ್ಗೆ ಕೇಳಲು ನ್ಯೂಸ್‌ಗ್ರೂಪು ಒಳ್ಳೆಯ ಜಾಗ ಎಂದು ಯಾರೋ ಹೇಳಿದ್ದರಿಂದ, ಮೇಂಟೆನೆನ್ಸ್ ರೂಮಿನ ಹಳೆಯ ಕಂಪ್ಯೂಟರಿಗೆ ಆ ಪ್ರೋಗ್ರಾಮನ್ನು ಹಾಕಲು ಹೊರಟೆ.

ಅದನ್ನು ಕಟ್ಟಿ ನಿಲ್ಲಿಸಲು ಮೂರು ವಾರ ಹಿಡಿಯಿತು. ಒಂದು ಸೆಟ್ಟಿಂಗ್ಸ್ ಕಡತ, ಅದರಲ್ಲಿ ಇನ್ನೂರು ಸಾಲು. ಸರ್ವರಿನ ಹೆಸರೇನು, ನಿನ್ನ ಹೆಸರೇನು, ಒಂದು ಪರದೆಗೆ ಎಷ್ಟು ಸಾಲು, ಓದಿದ್ದನ್ನು ತೋರಿಸಬೇಕೋ ಬೇಡವೋ. ಒಂದು ಸಾಲು ತಪ್ಪಿದರೆ ಏನು ತಪ್ಪೆಂದು ಹೇಳದೆ ಸತ್ತುಹೋಗುತ್ತಿತ್ತು. ಮೊದಲ ದಿನ ತೆರೆದಾಗ ಜಗತ್ತಿನ ಎಲ್ಲ ಗುಂಪುಗಳ ಪಟ್ಟಿಯನ್ನೂ ಎಳೆದುಕೊಳ್ಳಲು ಶುರುಮಾಡಿತು. ಫೋನ್ ಲೈನಿನಲ್ಲಿ ಕೀಚಲು ದನಿಯಲ್ಲಿ ಓಡುವ ಇಂಟರ್ನೆಟ್ಟು. ಒಂದು ಗಂಟೆ ಎಳೆದು, ಇನ್ನೇನು ಮುಗಿಯಿತು ಎನ್ನುವಾಗ ಎಂ.ಡಿ. ತಮ್ಮ ಕೋಣೆಯಲ್ಲಿ ಫೋನ್ ಎತ್ತಿದರು, ಲೈನ್ ಕಟ್ಟಾಯಿತು. ಮರುದಿನ ಕರೆಂಟು ಹೋಯಿತು. ಮೂರನೇ ದಿನ ಪೂರ್ತಿ ಪಟ್ಟಿ ಬಂತು, ಮತ್ತು ಆ ಸಾವಿರಾರು ಗುಂಪುಗಳಿಗೂ ನಾನು ಚಂದಾದಾರನಾಗಿದ್ದೆ. ಸಾಕುಹಾವುಗಳ ಗುಂಪು, ಉಗಿಬಂಡಿಯ ಗುಂಪು, ಯಾವುದೋ ದೇಶದ ತೆರಿಗೆಯ ಗುಂಪು. ಒಂದೊಂದನ್ನೂ ಬೈದು ಬೈದು ಕಿತ್ತೆಸೆದೆ. ಕೊನೆಗೆ ಉಳಿಸಿಕೊಂಡದ್ದು ಐದು. ಲೋಹದ ಕೆಲಸದ್ದೊಂದು, ಸಿಎನ್‌ಸಿಯದೊಂದು, ಎಲೆಕ್ಟ್ರಾನಿಕ್ಸಿನದು ಎರಡು. ಐದನೆಯದು ಕ್ರಿಕೆಟ್ಟು. ಅದು ಕಾರ್ಖಾನೆಗೆ ಹೇಗೆ ಬೇಕು ಎಂದು ನೀವು ಕೇಳಬಾರದು. ಯಾರದೋ ತಂಡದ ಅಭಿಮಾನಿಗಳೊಂದಿಗೆ ನಾನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಬಹಳ ಹೆಮ್ಮೆಯಿತ್ತು. ಓದಿದ ಚೀಟಿಗಳನ್ನು ತೋರಿಸಲೇಬಾರದು, ಓದಬೇಕಾದದ್ದು ಉಳಿಯದ ಗುಂಪಿನ ಹೆಸರೂ ಕಾಣಬಾರದು ಎಂದು ಕಡತದಲ್ಲಿ ಒಂದು ಸಾಲು ಹಾಕಿದ್ದೆ. ಎಲ್ಲ ಓದಿ ಮುಗಿಸಿದರೆ ಪರದೆ ಒರೆಸಿದ ಹಾಗೆ ಖಾಲಿ. ಅದನ್ನು ನೋಡುತ್ತ ಟೀ ಕುಡಿಯುವುದು ನನ್ನ ಸುಖವಾಗಿತ್ತು.

ಈ ಸುಖ ನನಗೆ ಅಪ್ಪನಿಂದ ಬಂದದ್ದು, ಸಿಟ್ಟಿನ ಜೊತೆಗೇ. ಜಾಲಹಳ್ಳಿ ಕಡೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅಪ್ಪ ಪಾಳಿ ಮುಗಿಸಿ ಬರುವವರೆಗೆ ಮನೆಯಲ್ಲಿ ದಿನಪತ್ರಿಕೆಯನ್ನು ಯಾರೂ ಬಿಡಿಸುವಂತಿರಲಿಲ್ಲ. ಮಡಿಕೆ ಮುರಿದಿದೆಯೇ ಎಂದು ಮೊದಲು ಮೂಸಿ ನೋಡುವವರಂತೆ ನೋಡುತ್ತಿದ್ದರು. ಒಮ್ಮೆ ಅಮ್ಮ ಹಪ್ಪಳ ಒಣಗಿಸಲು ಅವಸರದಲ್ಲಿ ಅಂದಿನ ಪತ್ರಿಕೆಯನ್ನೇ ಹಾಸಿಬಿಟ್ಟಳು. ಅಪ್ಪ ಊಟ ಬಿಟ್ಟು, ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದೇ ಹಪ್ಪಳ ಎತ್ತಿ ಅದರಡಿಯ ಸುದ್ದಿ ಓದಿ ಮತ್ತೆ ಅಲ್ಲೇ ಇಡುತ್ತಿದ್ದರು. ನಾನೂ ಅಮ್ಮನೂ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಅವಳ ಸೆರಗು ಇಬ್ಬರಿಗೂ ಸಾಕಾಯಿತು. ಅಪ್ಪನ ಬೈಗುಳ ಮಾತ್ರ ಮೂರು ದಿನ ನಡೆಯಿತು. ಮನೆಯ ಗೋಡೆಗಳಿಗೆಲ್ಲ ಬೈಯುತ್ತಿದ್ದ ಅಪ್ಪ, ಫೋರ್‌ಮನ್ ಬಾಗಿಲಿಗೆ ಬಂದರೆ ಪಂಚೆ ಇಳಿಬಿಟ್ಟು ಬನ್ನಿ ಸಾರ್ ಎನ್ನುತ್ತಿದ್ದರು. ಅದನ್ನು ಆಗ ನಾನು ಗಮನಿಸಿರಲಿಲ್ಲ.

ಇರಲಿ. ಆ ಲೇತನ್ನು ಮೊದಲ ಪಾಳಿಯಲ್ಲಿ ನಡೆಸುತ್ತಿದ್ದವನು ಈರಣ್ಣ. ಬಾದಾಮಿ ಕಡೆಯವನು, ಮೂವತ್ತೈದರ ಆಸುಪಾಸು, ಹೆಂಡತಿ ಮಗುವಿನ ಜೊತೆ ಬಾಗಲಗುಂಟೆಯಲ್ಲಿ ಒಂದು ರೂಮಿನಲ್ಲಿದ್ದ. ಐದು ವರ್ಷ ನನ್ನ ಪಕ್ಕದಲ್ಲಿ ಕೆಲಸ ಮಾಡಿದವನು. ಪೀಣ್ಯದಲ್ಲಿ ಪಾಳಿ ಬದಲಾಗುವಾಗ ಮಷೀನನ್ನು ಒರೆಸಿ, ಲೋಹದ ಚೂರು ಗುಡಿಸಿ, ಬುಕ್ಕಿನಲ್ಲಿ ಬರೆದು ಮುಂದಿನವನಿಗೆ ಒಪ್ಪಿಸುವ ರೂಢಿ. ಹೆಚ್ಚಿನವರು ಕಾಣುವಷ್ಟು ಒರೆಸುತ್ತಾರೆ. ಈರಣ್ಣ ಬಣ್ಣದ ಬ್ರಷ್ಷೊಂದರ ಕೂದಲು ಗಿಡ್ಡ ಕತ್ತರಿಸಿಟ್ಟುಕೊಂಡು, ಕೈ ಹೋಗದ ಸಂದುಗಳನ್ನೂ ತಿಕ್ಕುತ್ತಿದ್ದ. ಅವನ ಪಾಳಿಯ ಬುಕ್ಕಿನಲ್ಲಿ ಪ್ರತಿದಿನ ಅದೇ ಸಾಲು: ಮಷೀನ್ ಕ್ಲೀನ್, ಬಾಕಿ ಏನಿಲ್ಲ.

ಒಂದು ಸೋಮವಾರ ಆ ಮಷೀನಿನ ಟೂಲು ಕೆಲಸದ ನಡುವೆ ದಾರಿ ತಪ್ಪಿ, ತುಂಡನ್ನು ಹಿಡಿದು ತಿರುಗುವ ಚಕ್ಕಿಗೆ ಹೋಗಿ ಗುದ್ದಿತು. ಸದ್ದಿಗೆ ಪಕ್ಕದ ಕಾರ್ಖಾನೆಯವರೂ ಓಡಿಬಂದರು. ಈರಣ್ಣ ತಪ್ಪು ಅಂಕಿ ಹಾಕಿದ್ದಾನೆ ಎಂದು ಎಂ.ಡಿ. ನಿಂತ ನಿಲುವಿನಲ್ಲಿ ತೀರ್ಮಾನ ಮಾಡಿದರು. ತಾನು ಯಾವ ಅಂಕಿಯನ್ನೂ ಮುಟ್ಟಿಲ್ಲ ಎಂದು ಈರಣ್ಣ ಒಂದೇ ಸಲ ಹೇಳಿದ, ಎರಡನೇ ಸಲ ಹೇಳಲಿಲ್ಲ. ಮಷೀನಿಗೆ ಅಂಕಿ ಒದಗಿಸಿ ನಡೆಸುವ ಈ ಕಂಟ್ರೋಲರಿನಲ್ಲಿ ಹೀಗೆ ತಾನಾಗಿ ಆಗುವುದುಂಟೇ ಎಂದು ನ್ಯೂಸ್‌ಗ್ರೂಪಿನಲ್ಲಿ ಕೇಳುತ್ತೇನೆ ಎಂದೆ ನಾನು. ಎಂ.ಡಿ. ಶನಿವಾರದ ತನಕ ಸಮಯ ಕೊಟ್ಟರು. ಅಷ್ಟರೊಳಗೆ ಏನೂ ಬರದಿದ್ದರೆ ಈರಣ್ಣನಿಗೆ ಕೆಲಸವಿಲ್ಲ.

ಪ್ರಶ್ನೆ ಬರೆದು ಹಾಕಿದೆ. ಮಂಗಳವಾರ ಇಲ್ಲ, ಬುಧವಾರ ಇಲ್ಲ. ಮಷೀನು ನಿಂತಿದ್ದರಿಂದ ಈರಣ್ಣನಿಗೆ ಮಾಡಲು ಕೆಲಸವಿರಲಿಲ್ಲ. ಬೆಳಿಗ್ಗೆ ಆರಕ್ಕೇ ಬಂದು ನನ್ನ ರೂಮಿನಲ್ಲಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಸುಮ್ಮನೆ ಕೂರುವುದು ಅವನಿಗೆ ಬರುತ್ತಿರಲಿಲ್ಲ. ನಾನು ಬರುವುದು ಒಂಬತ್ತಕ್ಕೆ. ಅಷ್ಟರಲ್ಲಿ ಲೈನ್ ಹಚ್ಚಿ ಪ್ರೋಗ್ರಾಮ್ ತೆರೆದಿಡು ಎಂದು ಅವನಿಗೆ ಕಲಿಸಿದೆ. ಬೆಳಗಾದರೆ ಕ್ರಿಕೆಟ್ ಗುಂಪಿನಲ್ಲಿ ನೂರಾರು ಬೈಗುಳ, ಉಳಿದವುಗಳಲ್ಲಿ ಜಾಹೀರಾತಿನ ಕಸ. ಹೆಸರಿನ ಮುಂದಿನ ಈ ಅಂಕಿ ಇದೆಯಲ್ಲ, ಇದೆಲ್ಲ ಕಸ, ಸಿ ಒತ್ತಿ ಸೊನ್ನೆ ಮಾಡು ಎಂದು ತೋರಿಸಿಕೊಟ್ಟೆ. ಸಿಎನ್‌ಸಿಯ ಗುಂಪೊಂದನ್ನು ಬಿಟ್ಟು ಎಂದು ಹೇಳಿದ್ದೆನೇ? ಹೇಳಿದ್ದೆ ಎಂದು ನಾನು ಎಷ್ಟೋ ವರ್ಷ ನನ್ನೊಡನೆಯೇ ವಾದ ಮಾಡಿದ್ದೇನೆ. ಹೇಳಿರಲಿಲ್ಲ.

ಶನಿವಾರ ಬಂದಾಗ ಪರದೆ ಖಾಲಿಯಿತ್ತು. ಒಂದು ಹೆಸರೂ ಇಲ್ಲ. ಕೀಬೋರ್ಡಿನ ಸಂದುಗಳಲ್ಲಿದ್ದ ವರ್ಷಗಳ ಧೂಳು ಕೂಡ ಹೋಗಿತ್ತು, ಪಕ್ಕದಲ್ಲಿ ಆ ಗಿಡ್ಡ ಬ್ರಷ್ಷಿತ್ತು. ಈರಣ್ಣ ಎದ್ದು ನಿಂತ.

"ಎಲ್ಲಾ ಸೊನ್ನೆ ಮಾಡೀನ್ರಿ ಸರ. ಸಿಎನ್‌ಸಿ ಅನ್ನೋದ್ರಾಗ ಒಂದು ಬಾಕಿ ಇತ್ತ್ರಿ, ನಿಮ್ಮ ಹೆಸರಿಂದು. ಅದನ್ನೂ ಮಾಡಿಬಿಟ್ಟೆ."

ಆ ಹೊತ್ತಿನ ನನ್ನನ್ನು ನೀವು ನೋಡಬಾರದಿತ್ತು. ಅಪ್ಪ, ಅಪ್ಪನ ಅಪ್ಪ, ಎಲ್ಲರೂ ನನ್ನ ಗಂಟಲಿಗೆ ಇಳಿದರು. ನಿನ್ನ ತಲೆ ಮೇಲೆ ನೀನೇ ಚಪ್ಪಡಿ ಎಳೆದುಕೊಂಡೆಯಲ್ಲೋ ಎಂದೆ. ವಾರಪೂರ್ತಿ ಕಾದ ಉತ್ತರ ಬಂದಿತ್ತಲ್ಲೋ, ಕೆಲಸ ಉಳಿಸುತ್ತಿದ್ದ ಉತ್ತರವಲ್ಲೋ, ಒರೆಸುವುದೊಂದು ಬಿಟ್ಟು ನಿನಗೆ ಬೇರೇನು ಬರುತ್ತದೋ ಎಂದೆ. ಡ್ರಿಲ್ಲಿಂಗಿನವರು, ಪ್ಯಾಕಿಂಗಿನ ಹೆಂಗಸರು ಎಲ್ಲ ಬಾಗಿಲಲ್ಲಿ ನಿಂತು ನೋಡಿದರು. ಮೋಡೆಮ್ಮಿನ ವೈರನ್ನು ಕಿತ್ತು ಎಸೆದೆ. ಪ್ರೋಗ್ರಾಮು ಬರೆದವನಿಗೆ ಬೈದೆ, ಫೋನಿನವರಿಗೆ ಬೈದೆ, ಬ್ರಷ್ಷಿಗೂ ಬೈದೆ. ಈರಣ್ಣ ಎರಡೂ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ನಿಂತಿದ್ದ.

ಹನ್ನೊಂದು ಗಂಟೆಗೆ ಎಂ.ಡಿ. ಇಬ್ಬರನ್ನೂ ಕರೆಸಿದರು. ಅವರ ಮೇಜಿನ ಮೇಲೆ ಇಡ್ಲಿಯ ಪೊಟ್ಟಣವಿತ್ತು.

"ಏನ್ರೀ, ನಿಮ್ಮ ಫಾರಿನ್‌ನೋರು ಏನಾದ್ರೂ ಹೇಳಿದ್ರಾ?"

"ಇಲ್ಲ ಸಾರ್," ಎಂದೆ.

ಅವರು ಈರಣ್ಣನ ಕಡೆ ನೋಡಿ, ಸೋಮವಾರದಿಂದ ಬರುವುದು ಬೇಡ ಎಂದರು. ಮುಗಿಯಿತು. ಈರಣ್ಣ ಟಿಫಿನ್ ಡಬ್ಬಿ, ಟವೆಲ್ಲು, ಬ್ರಷ್ಷು ತೆಗೆದುಕೊಂಡ. ನಿಂತುಹೋದ ಮಷೀನಿನ ಬುಕ್ಕಿನಲ್ಲಿ ಅಂದಿನ ಸಾಲು ಬರೆದು ಹೋದ. ಅದೇ ಸಾಲು.

ಸೋಮವಾರ ವೈರು ಜೋಡಿಸಿ ಅದೇ ಪ್ರಶ್ನೆಯನ್ನು ಮತ್ತೆ ಹಾಕಿದೆ. ಗುರುವಾರ ಉತ್ತರ ಬಂತು. ಎಲ್ಲಿಯವನೋ, ಸಿಡುಕು ಮುದುಕ ಇರಬೇಕು. ಹೋದ ವಾರವೇ ವಿವರವಾಗಿ ಬರೆದಿದ್ದೇನೆ, ಓದದೆ ಮತ್ತೆ ಕೇಳುವವರಿಗೆ ಬರೆಯಲು ತನಗೆ ಪುರುಸೊತ್ತಿಲ್ಲ, ಮೇಲೆ ನೋಡು, ಇಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ಮೇಲೆ ಏನೂ ಇಲ್ಲವಲ್ಲ! ಹಾಗೆಂದು ಅವನಿಗೆ ಒಂದು ಪುಟ ಬೈಗುಳ ಬರೆದೆ, ಕ್ರಿಕೆಟ್ ಗುಂಪಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಸುರಿದೆ. ಕಳಿಸುವ ಮೊದಲು, ಅವನ ಬಾಯಿ ಮುಚ್ಚಿಸಲೆಂದೇ, ಪ್ರೋಗ್ರಾಮಿನ ಸಹಾಯದ ಪುಟವನ್ನು ಮೊದಲ ಸಲ ತೆರೆದೆ. ಅಷ್ಟು ತಿಂಗಳು ಬಳಸಿಯೂ ಅದನ್ನು ಓದಿರಲಿಲ್ಲ, ನಾನು ಎಂಜಿನಿಯರ್ ತಾನೇ. ಎರಡನೇ ಪುಟದಲ್ಲಿತ್ತು: ಓದಿದ್ದನ್ನು ತೋರಿಸಲು, ಅಥವಾ ಮರೆಮಾಡಲು, ಆರ್ ಒತ್ತಿ.

ಒತ್ತಿದೆ. ಐದೂ ಗುಂಪುಗಳು ಎದ್ದು ನಿಂತವು. ಸಿಎನ್‌ಸಿಯದರಲ್ಲಿ ನನ್ನ ಹಳೆಯ ಪ್ರಶ್ನೆ, ಅದರ ಕೆಳಗೆ ಅವನ ಉತ್ತರ. ಸಿ ಒತ್ತಿದರೆ ಯಾವುದೂ ಅಳಿಯುವುದಿಲ್ಲ, ಓದಿದ್ದೆಂಬ ಗುರುತು ಬೀಳುತ್ತದೆ ಅಷ್ಟೇ. ಕಣ್ಣಿಗೆ ಕಾಣದಂತೆ ಮಾಡಿದ್ದು ಕಡತದಲ್ಲಿ ನಾನೇ ಹಾಕಿದ ಆ ಸಾಲು. ಶನಿವಾರ ಬೆಳಿಗ್ಗೆ ನಾನು ವೈರು ಕೀಳುವಾಗ ಅದು ಅಲ್ಲೇ ಇತ್ತು, ಒಂದು ಕೀಲಿಯಾಚೆ.

ಮುದುಕ ಬರೆದಿದ್ದ: ಈ ಕಂಟ್ರೋಲರಿನ ಹಿಂದೆ ಒಂದು ಬ್ಯಾಟರಿ ಇದೆ, ವರ್ಷಕ್ಕೊಮ್ಮೆ ಬದಲಿಸಬೇಕು. ಅದು ಸೊರಗಿದರೆ ನೆನಪಿನಲ್ಲಿಟ್ಟ ಅಂಕಿಗಳು ತಾವಾಗಿಯೇ ಕೆಡುತ್ತವೆ, ಮಷೀನಿಗೆ ತನ್ನ ಸೊನ್ನೆ ಎಲ್ಲಿದೆ ಎಂಬುದೇ ಮರೆಯುತ್ತದೆ. ನಡೆಸುವವನನ್ನು ಬೈಯಬೇಡಿ, ಮೇಂಟೆನೆನ್ಸಿನವನನ್ನು ಕೇಳಿ. ಮೇಂಟೆನೆನ್ಸಿನವನು ಹೋಗಿ ಹಿಂಬದಿಯ ಮುಚ್ಚಳ ಬಿಚ್ಚಿದ. ಬ್ಯಾಟರಿ ಉಬ್ಬಿ, ಸುತ್ತ ಹಸಿರು ಹಿಡಿದಿತ್ತು.

ಉತ್ತರವನ್ನು ಪ್ರಿಂಟ್ ತೆಗೆದು ಎಂ.ಡಿ.ಗೆ ಕೊಟ್ಟೆ. ಅವರು ಓದಿ, ಹೊಸ ಬ್ಯಾಟರಿ ಹಾಕಿಸಿ ಎಂದರು. ಈರಣ್ಣನನ್ನು ಕರೆಸೋಣವೇ ಎಂದರೆ, ಆ ಜಾಗಕ್ಕೆ ಇನ್ನೊಬ್ಬ ಬಂದಾಯಿತಲ್ಲ, ಮತ್ತೆ ಯಾಕೆ ತಲೆನೋವು ಎಂದರು. ಸರಿ ಸಾರ್ ಎಂದು ಈಚೆ ಬಂದು, ಕಾರಿಡಾರಿನ ಬೆಂಕಿ ಆರಿಸುವ ಬಕೆಟ್ಟಿಗೆ ಒದ್ದೆ. ಕಾಲು ಮೂರು ದಿನ ಊದಿತ್ತು.

ಭಾನುವಾರ ಕುಂಟುತ್ತ ಬಾಗಲಗುಂಟೆಗೆ ಹೋದರೆ ರೂಮು ಖಾಲಿ. ವಠಾರದ ಒಡತಿ, ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿದ್ದವರ ಪೈಕಿ, ಹಸುವಿಗೆ ಬೂಸಾ ಕಲಸುತ್ತಿದ್ದಳು. "ಜಿಗಣಿ ತಾವ ಕೆಲ್ಸ ಸಿಗ್ತು ಅಂತ ಒಂಟೋದ್ರು ಕಣಪ್ಪ. ರೂಮು ಎಂಗೆ ತೊಳ್ದು ಕೊಟ್ಟವ್ರೆ ಅಂದ್ರೆ, ಸುಣ್ಣ ಬಳಿಯಂಗೇ ಇಲ್ಲ," ಎಂದಳು.

ಮುಂದಿನ ಶನಿವಾರ ರಜೆ ಹಾಕಿ ಜಿಗಣಿಗೆ ಹೋದೆ. ಊರಿನ ಆ ತುದಿಯಿಂದ ಈ ತುದಿಗೆ ಮೂರು ಬಸ್ಸು. ನಾಲ್ಕೈದು ಗೇಟುಗಳಲ್ಲಿ ವಾಚ್‌ಮನ್ನರ ಕೈಲಿ ಬೈಸಿಕೊಂಡು, ಅವರಿಗೆ ತಿರುಗಿ ಬೈದು, ಕೊನೆಗೆ ಒಂದು ಗೇರ್ ಕಾರ್ಖಾನೆಯ ಎದುರಿನ ಟೀ ಅಂಗಡಿಯಲ್ಲಿ ಈರಣ್ಣ ಸಿಕ್ಕ. ನೋಡಿದ ಕೂಡಲೇ ಗ್ಲಾಸು ಕೆಳಗಿಟ್ಟು ಎದ್ದ. ನನಗೊಂದು ಟೀ ಹೇಳಿದ. ನಾನು ಕಾಗದವನ್ನು ಅವನ ಕೈಗಿತ್ತು, ಬ್ಯಾಟರಿಯ ಕಥೆಯನ್ನೆಲ್ಲ ಹೇಳಿದೆ. ನಿನ್ನ ತಪ್ಪಿಲ್ಲವೆಂದು ಇದರಲ್ಲಿ ಸ್ಪಷ್ಟವಾಗಿ ಬರೆದಿದೆ ಎಂದೆ. ಅವನಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅಥವಾ ಸಿಟ್ಟಾದರೂ ಬಂದು ನಾಲ್ಕು ಮಾತು ಬೈಯುತ್ತಾನೆ, ನಾನು ತಲೆ ತಗ್ಗಿಸಿ ಕೇಳಿಸಿಕೊಂಡು ಹಗುರಾಗುತ್ತೇನೆ ಎಂದುಕೊಂಡಿದ್ದೆ.

ಅವನು ಕಾಗದವನ್ನು ಬಿಡಿಸಲೇ ಇಲ್ಲ.

"ತಪ್ಪು ನಂದಲ್ಲಂತ ನನಗ ಅವತ್ತ ಗೊತ್ತಿತ್ತ್ರಿ ಸರ. ನಿಮಗೂ ಗೊತ್ತೈತಿ ಅಂತ ತಿಳ್ಕೊಂಡಿದ್ದೆ."

ಸೈರನ್ ಆಯಿತು. ಎರಡೂ ಟೀಗೆ ಅವನೇ ಕೊಟ್ಟು, ಕಾಗದವನ್ನು ನನ್ನ ಜೇಬಿಗೆ ಮೆಲ್ಲಗೆ ಸಿಕ್ಕಿಸಿ, ಬಿಸಿಲು ಜೋರಾಗುವ ಮೊದಲು ಹೊರಡಿ, ನಿಮಗೆ ದೂರವಾಗುತ್ತದೆ ಎಂದು ಹೇಳಿ ಗೇಟಿನೊಳಗೆ ಹೋದ.

ವಾಪಸ್ ಬರುವಾಗ ಬಸ್ಸಿನಲ್ಲಿ ಎಂ.ಡಿ.ಗೆ ಬೈದೆ, ಮುದುಕನಿಗೆ ಬೈದೆ, ಆರ್ ಎಂಬ ಕೀಲಿಯನ್ನು ಎರಡನೇ ಪುಟದಲ್ಲಿ ಬಚ್ಚಿಟ್ಟವನಿಗೆ ಬೈದೆ. ಊರೊಳಗೆ ಬರುವಷ್ಟರಲ್ಲಿ ಬೈಯಲು ಜನ ಮುಗಿದುಹೋದರು. ಇವತ್ತು ಬೆಳಿಗ್ಗೆ ಮಗಳು, ಯಾವುದೂ ಹೋಗಿಲ್ಲ ಎಂದಾಗ ನನಗೆ ನೆನಪಾದದ್ದು ಆ ಖಾಲಿ ಪರದೆಯಲ್ಲ, ಎಂ.ಡಿ.ಯ ಮೇಜು, ಇಡ್ಲಿ ಪೊಟ್ಟಣ. ಐದು ವರ್ಷ ಪಕ್ಕದಲ್ಲಿ ನಿಂತು ನೋಡಿದವನು ನಾನು. ಇವನು ಹಾಗೆ ಮಾಡುವವನಲ್ಲ ಸಾರ್ ಎನ್ನಲು ನನಗೆ ನ್ಯೂಸ್‌ಗ್ರೂಪಿನ ಉತ್ತರ ಬೇಕಿರಲಿಲ್ಲ. ಮನೆಯಲ್ಲೂ ಕಾರ್ಖಾನೆಯಲ್ಲೂ ಸಿಟ್ಟಿನ ಮನುಷ್ಯ ಎಂದು ಹೆಸರು ಮಾಡಿದವನು, ಅಂದು ಒಂಬತ್ತು ಗಂಟೆಗೆ ಈರಣ್ಣನ ಮೇಲೆ ಅಷ್ಟು ಕೂಗಾಡಿದವನು, ಹನ್ನೊಂದು ಗಂಟೆಗೆ ಎಂ.ಡಿ.ಯ ಎದುರು ಕೈ ಕಟ್ಟಿಕೊಂಡು ನಿಂತಿದ್ದೆ. ಆಗ ನನಗೆ ಸಿಟ್ಟೇ ಬಂದಿರಲಿಲ್ಲ.